ಹೆಸರು ಹಿಡಿದು ಕರೆಯುವ ಬೇಸಿಗೆ

ನಮ್ಮ ಊರಿನ ಆರೋಗ್ಯ ಕಚೇರಿ ಬೇಸಿಗೆಗೆ ತಯಾರಾಗುವುದು ಚಳಿಗಾಲದಲ್ಲಿ. ಜನ ಕಂಬಳಿ ಹೊದ್ದು ಕೂತಿರುವಾಗ ನಮ್ಮವರು ಏಣಿ ಹೊತ್ತುಕೊಂಡು ಹೋಗಿ ತಗಡಿನ ಮಾಡುಗಳ ಮೇಲೆ ಸುಣ್ಣ ಬಳಿಯುತ್ತಿರುತ್ತಾರೆ. ಬಿಸಿಲಿಗೆ ಬಿದ್ದವರನ್ನು ಮಲಗಿಸುವ ಶಾಲೆಯ ಸಭಾಂಗಣದ ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿಸಬೇಕು. ಉಪ್ಪು ಸಕ್ಕರೆಯ ಪೊಟ್ಟಣ ತರಿಸಬೇಕು. ಇಟ್ಟಿಗೆ ಗೂಡಿನ ಮಾಲೀಕರನ್ನು ಕೂರಿಸಿಕೊಂಡು, ಮಧ್ಯಾಹ್ನದ ಕೆಲಸವನ್ನು ಬೆಳಗಿನ ಜಾವಕ್ಕೆ ಸರಿಸಲು ಒಪ್ಪಿಸಬೇಕು. ಯಾರು ಒಂಟಿಯಾಗಿದ್ದಾರೆ, ಯಾರ ಹೃದಯ ದುರ್ಬಲ, ಯಾರು ಮೈಯ ನೀರು ಇಳಿಸುವ ಮಾತ್ರೆ ನುಂಗುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಬೇಕು. ಇಷ್ಟನ್ನು ಬೇರೆ ಊರುಗಳಲ್ಲೂ ಮಾಡುತ್ತಾರೆ. ಅಲ್ಲಿಲ್ಲದ ಒಂದು ಕೆಲಸ ನಮ್ಮಲ್ಲಿದೆ: ಕರೆಗಾರರನ್ನು ಹುಡುಕುವುದು.

ನಮ್ಮ ಊರಿನಲ್ಲಿ ಬಿಸಿಲಿಗೆ ಮೈ ಕಾದವರನ್ನು, ಅವರ ಮೇಲೆ ಮನಸ್ಸಿರುವ ಯಾರಾದರೂ ಹೆಸರು ಹಿಡಿದು ಕರೆದರೆ ಕಾವು ಇಳಿಯುತ್ತದೆ. ಬೇರೆಡೆ ಹೀಗಾಗುವುದಿಲ್ಲವೆಂದು ಕೇಳಿದ್ದೇನೆ, ನಾನಾಗಿ ಪರಿಶೀಲಿಸಿಲ್ಲ. ನಾನು ಬಹಳ ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದದ್ದನ್ನು ತಿದ್ದುತ್ತಿದ್ದವನು. ಪತ್ರಿಕೆ ಮುಚ್ಚಿದ ಮೇಲೆ ಆರೋಗ್ಯ ಕಚೇರಿಯಲ್ಲಿ ಪ್ರಕಟಣೆ ಬರೆಯುವ ಕೆಲಸ ಸಿಕ್ಕಿತು. ಪರಿಶೀಲಿಸದ್ದನ್ನು ಪರಿಶೀಲಿಸಿದ್ದೇನೆ ಎನ್ನುವ ಅಭ್ಯಾಸ ನನಗಿಲ್ಲ.

ಮೊದಲ ವರ್ಷ ನಾವು ಮಾಡಿದ ತಪ್ಪನ್ನು ಊರು ಇನ್ನೂ ಆಡಿಕೊಳ್ಳುತ್ತದೆ. ಆಟೋರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿಸಿ, ಮತದಾರರ ಪಟ್ಟಿ ಹಿಡಿದು, ಬೀದಿ ಬೀದಿಯಲ್ಲಿ ಹೆಸರು ಕೂಗಿಸಿದೆವು. ಒಬ್ಬರ ಮೈಯೂ ತಣಿಯಲಿಲ್ಲ. ತಮ್ಮ ವಯಸ್ಸನ್ನೂ ಸೇರಿಸಿ ಓದಿದರೆಂದು ಹೆಂಗಸರು ಆಟೋ ಅಡ್ಡಗಟ್ಟಿದರು. ಆಮೇಲೆ ನಮ್ಮ ಆರೋಗ್ಯಾಧಿಕಾರಿ ಡಾಕ್ಟರ್ ಶಶಿರೇಖಾ ಪಟ್ಟಿಯನ್ನು ಬದಿಗಿಟ್ಟು, ಪ್ರತಿಯೊಬ್ಬರಿಗೂ ಒಬ್ಬ ಕರೆಗಾರರನ್ನು ಗೊತ್ತುಮಾಡಿ, ಥರ್ಮಾಮೀಟರ್ ಇಟ್ಟು ಪರೀಕ್ಷಿಸುವ ಕ್ರಮ ತಂದರು. ಕರೆಯುವ ಮೊದಲು ಒಮ್ಮೆ, ಕರೆದ ಮೇಲೆ ಒಮ್ಮೆ ನೋಡುವುದು. ಪಾದರಸ ಇಳಿದರೆ ಆ ಜೋಡಿ ಗಟ್ಟಿ.

ತೊಂದರೆ ಅಲ್ಲೇ ಇತ್ತು. ಕೆಲವು ಮನೆಗಳಲ್ಲಿ ಮಗ ಕರೆದರೆ ತಾಯಿಯ ಮೈ ಇಳಿಯುತ್ತಿರಲಿಲ್ಲ, ಪಕ್ಕದ ಮನೆಯ ಹಾಲಿನವಳು ಕರೆದರೆ ಇಳಿಯುತ್ತಿತ್ತು. ಎಲ್ಲರೂ ನಿಂತು ನೋಡುತ್ತಿರುವಾಗ ಇದನ್ನು ಹೇಳುವುದು ಹೇಗೆ? ನರ್ಸುಗಳಿಗೆ ಕೊಡುವ ಸೂಚನೆಯಲ್ಲಿ ನಾನೇ ಒಂದು ವಾಕ್ಯ ಸೇರಿಸಿದೆ: ಇಳಿಯದಿದ್ದಲ್ಲಿ ‘ಥರ್ಮಾಮೀಟರ್ ಹಳೆಯದು’ ಎಂದು ಹೇಳಿ ಮುಂದಿನ ಕರೆಗಾರರನ್ನು ಕರೆಯಿಸತಕ್ಕದ್ದು. ನಾನು ಬರೆದ ಸುಳ್ಳು ಅದೊಂದೇ. ಅದರಿಂದ ಬಹಳ ಮನೆಗಳು ಉಳಿದವು.

ಗಂಡಂದಿರದು ಇನ್ನೊಂದು ಕಥೆ. ನಮ್ಮ ತಲೆಮಾರಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ‘ರೀ’ ಅನ್ನುತ್ತಾರೆ, ‘ಇವರು’ ಅನ್ನುತ್ತಾರೆ, ತೀರಾ ಅಗತ್ಯ ಬಿದ್ದರೆ ಮಗುವಿನ ಹೆಸರಿಗೆ ಅಪ್ಪ ಸೇರಿಸುತ್ತಾರೆ. ‘ಗಂಡನ ಹೆಸರು ಹೇಳಿ, ಜೀವ ಉಳಿಸಿ’ ಎಂಬ ಭಿತ್ತಿಪತ್ರ ಬರೆದು ಊರ ಗೋಡೆಗಳಿಗೆಲ್ಲ ಅಂಟಿಸಿದವನು ನಾನು. ಅದರ ಮುಂದೆ ನಿಂತು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರಲ್ಲಿ ನನ್ನ ಹೆಂಡತಿ ವಿಶಾಲಾಕ್ಷಿಯೂ ಒಬ್ಬಳು.

ವಿಶಾಲು ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಗೊತ್ತಿಲ್ಲದವರೊಡನೆ ಬಹುದಿನದ ಪರಿಚಯವಿದ್ದಂತೆ ಮಾತಾಡುವ ಗಂಟಲು ಅವಳದು. ಈ ವರ್ಷ ಕರೆಗಾರ್ತಿಯಾಗುತ್ತೇನೆ ಎಂದಾಗ ನನಗೆ ಹೆಮ್ಮೆಯೇ ಆಯಿತು. ಅವಳ ಪಾಲಿಗೆ ಬಂದವನು ಧರಣೇಂದ್ರ. ತಕ್ಕಡಿ ರಿಪೇರಿ ಮಾಡುವವನು, ನನ್ನದೇ ವಯಸ್ಸು, ಮದುವೆಯಾಗಿಲ್ಲ. ಪೇಟೆಬೀದಿಯಲ್ಲಿ ಮಾಳಿಗೆ ಮೇಲಿನ ತಗಡಿನ ಕೋಣೆ. ಹೃದಯ ಅರ್ಧ ಕೆಲಸ ಮಾಡುತ್ತದೆ, ನೀರು ಇಳಿಸುವ ಮಾತ್ರೆ ತಪ್ಪಿಸುವ ಹಾಗಿಲ್ಲ. ನಮ್ಮ ಲೆಕ್ಕದಲ್ಲಿ ಅತ್ಯಂತ ಅಪಾಯದಲ್ಲಿರುವವರ ಪೈಕಿ ಮೊದಲನೆಯವನು. ತಾಯಿ ಅವನನ್ನು ಧರಣಿ ಎಂದು ಕರೆಯುತ್ತಿದ್ದಳಂತೆ. ಪತ್ರಿಕೆಯವರಿಗೆ ಧರಣಿ ಎಂದರೆ ಕಚೇರಿಯ ಮುಂದೆ ಕೂತು ಘೋಷಣೆ ಕೂಗುವುದು. ಆ ಬೇಸಿಗೆ ಅದು ನನ್ನ ಮನೆಯ ಮುಂದೆಯೇ ಬಂದು ಕೂತಿತು.

ಪರೀಕ್ಷೆಯ ದಿನ ಸೂಚನೆಗಳ ಹಾಳೆ ಹಿಡಿದು ನಾನೂ ಅವನ ಕೋಣೆಯಲ್ಲಿದ್ದೆ. ಜುಬೇದಾ ಸಿಸ್ಟರ್ ಅವನ ನಾಲಿಗೆಯಡಿ ಥರ್ಮಾಮೀಟರ್ ಇಟ್ಟು ತೆಗೆದು ನೋಡಿದಳು. ಕಾವಿತ್ತು. ವಿಶಾಲು ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, “ಧರಣೀ,” ಎಂದಳು.

ಅವನು ಕಣ್ಣು ಮುಚ್ಚಿದ.

“ಧರಣೀ, ಇಲ್ಲಿ ನೋಡು. ನೀರು ಕುಡಿದ್ಯಾ?”

ನೋಡು. ಕುಡಿದ್ಯಾ. ನನಗೆ ಇಪ್ಪತ್ತಾರು ವರ್ಷದಿಂದ ನೋಡಿ, ಕುಡಿದ್ರಾ. ಹೆಸರಿನ ಜೊತೆಗೆ ತಾಯಿ ಆಡುವಂಥ ಏಕವಚನವೂ ಬರಬೇಕೆಂಬುದು ಡಾಕ್ಟರ್ ಶಶಿರೇಖಾ ಮಾಡಿದ ನಿಯಮ. ಹಾಳೆಯಲ್ಲಿ ಅದನ್ನು ಅಚ್ಚುಕಟ್ಟಾಗಿ ಬರೆದವನು ನಾನು. ಕಿವಿಯಲ್ಲಿ ಕೇಳುವವರೆಗೆ ಅದರ ಅರ್ಥ ನನ್ನ ತಲೆಗೆ ಹತ್ತಿರಲಿಲ್ಲ.

ಜುಬೇದಾ ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು, “ಯಾ ಅಲ್ಲಾ! ಇಷ್ಟು ಇಳಿದದ್ದು ನಾನು ಈ ಊರಲ್ಲೇ ನೋಡಿಲ್ಲ ಸಾರ್!” ಎಂದು ಕೂಗಿದಳು. “ಮೇಡಂ ಗಂಟಲೇ ಐಸು. ನೀವು ಪುಣ್ಯವಂತ್ರು ಬಿಡಿ, ಮನೇಲಿ ಫ್ಯಾನೇ ಬೇಡ.”

ನಾನು ನಕ್ಕೆ. ಆ ವಾರದ ಪ್ರಕಟಣೆಯಲ್ಲಿ ‘ಈವರೆಗಿನ ಅತ್ಯುತ್ತಮ ಫಲಿತಾಂಶ’ ಎಂದು ಬರೆದೆ. ಸತ್ಯವನ್ನೇ ಬರೆದೆ. ಬರೆಯುವಾಗ ಪೆನ್ನು ಒತ್ತಿ ಎರಡು ಕಡೆ ಕಾಗದ ಹರಿಯಿತು.

ಏಪ್ರಿಲ್ ಬಂದಂತೆ ಅವಳು ದಿನಾ ಮಧ್ಯಾಹ್ನ ಛತ್ರಿ ಹಿಡಿದು ಹೊರಡತೊಡಗಿದಳು. ಸಂಜೆ ಬಂದವಳ ಮುಖದಲ್ಲಿ ದಣಿವಿರುತ್ತಿತ್ತು, ಗಂಟಲಲ್ಲಿ ಇರುತ್ತಿರಲಿಲ್ಲ. ಒಂದು ಸಂಜೆ ಅವಳು ಒಲೆಯ ಮುಂದೆ ಹಪ್ಪಳ ಸುಡುತ್ತಿದ್ದಾಗ ನಾನು ಬಾಗಿಲಿಗೆ ಒರಗಿ ನಿಂತೆ.

“ಅವನ ಹೆಸರು ಕರೀತೀಯಲ್ಲ, ಬಾಯಲ್ಲಿ ಬೆಲ್ಲ ಇಟ್ಕೊಂಡ ಹಾಗಿರುತ್ತೆ.”

“‘ಮೃದುವಾಗಿ, ಸ್ಪಷ್ಟವಾಗಿ, ಅವಸರವಿಲ್ಲದೆ’ ಅಂತ ಬರ್ದಿದ್ದು ಯಾರ್ರೀ?”

“ಬೆಲ್ಲ ಅಂತ ಬರೆದಿಲ್ಲ.”

“ಮುಂದಿನ ಸಲ ಸೇರಿಸಿ.”

“ಅವನ ಮೇಲೆ ನಿಂಗೆ ಅಷ್ಟು ಮನಸ್ಸು ಎಲ್ಲಿಂದ ಬಂತು ಅಂತ. ಸುಮ್ನೆ ಕೇಳ್ದೆ.”

ಅವಳು ಹಪ್ಪಳ ಮಗುಚಿದಳು. “ಒಬ್ಬರ ಮೇಲೆ ಮನಸ್ಸಿಡೋದು ಅಂಥ ಕಷ್ಟದ ಕೆಲಸ ಅಲ್ಲ ಕಣ್ರೀ. ಎದುರಿಗೆ ಕೂತು ಅವರು ಹೇಳಿದ್ದನ್ನ ಮಧ್ಯೆ ಬಾಯಿ ಹಾಕದೆ ಕೇಳಿದ್ರೆ ಬರುತ್ತೆ. ಅವರೂ ನನ್ನ ಮಾತು ಕೇಳ್ತಾರೆ. ಕಥೇಲಿ ವರ್ಷ ತಪ್ಪು ಹೇಳಿದ್ರೂ ತಿದ್ದದೆ ಸುಮ್ನಿರ್ತಾರೆ.”

“ನನ್ನನ್ನೂ ಒಂದ್ಸಲ ಕರಿ,” ಎಂದೆ. “ನಾಳೆ ಬಿಸಿಲಲ್ಲಿ ಒಂದು ಸುತ್ತು ಹಾಕಿ ಬರ್ತೀನಿ. ಜುಬೇದಾಗೆ ಥರ್ಮಾಮೀಟರ್ ತರೋಕೆ ಹೇಳೋಣ.”

“ಬೇಡ.”

“ಯಾಕೆ? ಹೆಸರು ಹೇಳೋಕೆ ನಾಚಿಕೆನಾ, ಈ ವಯಸ್ಸಲ್ಲಿ?”

“ನಾಚಿಕೆ ಅಲ್ಲ.” ಹಪ್ಪಳ ಕರಟುತ್ತಿತ್ತು, ಅವಳು ಅದರ ಕಡೆ ನೋಡಲಿಲ್ಲ. “ಇಳೀಲಿಲ್ಲ ಅಂದ್ರೆ? ಆಮೇಲೆ ಈ ಮನೇಲಿ ನಾವಿಬ್ರೂ ಏನಂತ ಮುಖ ನೋಡ್ಕೊಂಡಿರೋದು?”

ಅವಳಿಗೂ ಆ ಭಯವಿತ್ತೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಭಯ ಇಬ್ಬರಿಗೂ ಒಂದೇ ಎಂದು ತಿಳಿದರೆ ಹಗುರಾಗಬೇಕು. ನನಗೆ ಹಾಗಾಗಲಿಲ್ಲ. ಧರಣೇಂದ್ರನ ವಿಷಯದಲ್ಲಿ ಅವಳಿಗೆ ಅಂಥ ಭಯವೇ ಬಂದಿರಲಿಲ್ಲವಲ್ಲ ಎಂದು ಆ ರಾತ್ರಿಯೆಲ್ಲ ಉರಿದುಕೊಂಡೆ.

ಮುಂದಿನ ವಾರ ಸುಣ್ಣ ಬಳಿದ ಮಾಡುಗಳ ತಪಾಸಣೆಯ ನೆಪದಲ್ಲಿ ಪೇಟೆಬೀದಿಗೆ ಹೋದೆ. ಮಾಳಿಗೆಯ ಮೆಟ್ಟಿಲ ಮೇಲೆ ನಿಂತರೆ ಒಳಗಿನ ಮಾತು ಕೇಳುತ್ತದೆ. ಎಕ್ಸ್‌ಚೇಂಜಿನಲ್ಲಿ ಒಮ್ಮೆ ಸಿಡಿಲು ಬಡಿದು ಎಲ್ಲ ತಂತಿಗಳೂ ಬೆರೆತುಹೋಗಿ, ಮದುವೆ ಮಾತುಕತೆ ನಡೆಸುತ್ತಿದ್ದವರಿಗೆ ಮೀನಿನ ವ್ಯಾಪಾರಿ ಸಿಕ್ಕಿದ ಕಥೆಯನ್ನು ಅವಳು ಹೇಳುತ್ತಿದ್ದಳು. ಆ ಕಥೆಯನ್ನು ನನಗೂ ಹೇಳಿದ್ದಳು, ಮದುವೆಯಾದ ಹೊಸತರಲ್ಲಿ. ಅದು ನನ್ನ ಕಥೆ ಎಂದುಕೊಂಡಿದ್ದೆ. ನಡುನಡುವೆ “ಕೇಳಿಸ್ಕೊಂಡ್ಯಾ ಧರಣೀ?” ಎನ್ನುತ್ತಿದ್ದಳು. ನಾನು ಬಾಗಿಲು ತಟ್ಟಿದೆ.

“ಬನ್ನಿ ಸ್ವಾಮಿ,” ಎಂದು ಧರಣೇಂದ್ರ ಎದ್ದು ಕೂತ. ತೆಳ್ಳಗಿನ ಮನುಷ್ಯ, ಕಾಲು ಊದಿಕೊಂಡಿತ್ತು. “ನಿಮ್ಮ ಮನೆಯವರಿಂದ ನಾನು ಬದುಕಿದೀನಿ. ಇಷ್ಟು ದಿನ ನಾನಿದೀನಿ ಅಂತ ನನಗೇ ಮರ್ತುಹೋಗಿತ್ತು.”

“ಮಾಡು ನೋಡೋಕೆ ಬಂದೆ,” ಎಂದೆ.

“ಮಾಡು ಹೊರಗಡೆಯಿಂದ ಕಾಣುತ್ತೆ,” ಎಂದಳು ವಿಶಾಲು.

ಕಚೇರಿಗೆ ಹಿಂದಿರುಗಿ ಒಂದು ಟಿಪ್ಪಣಿ ಬರೆದೆ. ರೋಗಿ ಒಬ್ಬನೇ ಒಬ್ಬ ಕರೆಗಾರನನ್ನು ನೆಚ್ಚಿಕೊಂಡರೆ, ಆ ಕರೆಗಾರ ಹಾಸಿಗೆ ಹಿಡಿದ ದಿನ ರೋಗಿಗೆ ದಿಕ್ಕಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಕರೆಗಾರರನ್ನು ಬದಲಾಯಿಸಿ ಅಭ್ಯಾಸ ಮಾಡಿಸಬೇಕು. ಅದರಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಈಗಲೂ ಆ ನಿಯಮ ಸರಿಯೆಂದೇ ನನ್ನ ಅಭಿಪ್ರಾಯ. ಡಾಕ್ಟರ್ ಶಶಿರೇಖಾ ಓದಿ, “ಇದು ನನಗೇ ಹೊಳೀಬೇಕಿತ್ತು,” ಎಂದು ಸಹಿ ಹಾಕಿದರು. ಸಂಜೆ ವಿಶಾಲು ಆದೇಶ ಓದಿ ಮಡಿಸಿ ನನ್ನ ಕೈಗೆ ಕೊಟ್ಟಳು.

“ಕಾಗುಣಿತ ಎಲ್ಲ ಸರಿಯಾಗಿದೆ,” ಎಂದಳು.

ಧರಣೇಂದ್ರನ ಪಾಲಿಗೆ ನಿವೃತ್ತ ಡ್ರಿಲ್ ಮಾಸ್ಟರ್ ಬೆಳ್ಳಿಯಪ್ಪನವರು ಬಂದರು. ಮನುಷ್ಯ ಒಳ್ಳೆಯವರು, ಪ್ರಾಮಾಣಿಕರು. ಆದರೆ ಅವರು ಹೆಸರು ಕರೆದರೆ ಹಾಜರಿ ಕೂಗಿದಂತಿರುತ್ತಿತ್ತು. ಧರಣೇಂದ್ರ ಮಲಗಿದಲ್ಲೇ ಕೈಯೆತ್ತುತ್ತಿದ್ದನಂತೆ. ಪಾದರಸ ಕೂದಲೆಳೆಯಷ್ಟು ಇಳಿಯುತ್ತಿತ್ತು. ಸಾಧಾರಣ ಬಿಸಿಲಿಗೆ ಅಷ್ಟು ಸಾಕೆಂದು ನಾನು ವರದಿಯಲ್ಲಿ ಬರೆದೆ. ವಿಶಾಲುವನ್ನು ಕೆರೆಯಾಚೆ ಹೂ ಮಾರುವ ಅಜ್ಜಿಯೊಬ್ಬಳಿಗೆ ಹಾಕಿದರು.

ಆ ವಾರ ಮುಗಿಯುವ ಮೊದಲೇ ಕೆಂಪು ದಿನ ಬಂತು. ಬಿಸಿಲು ನಲವತ್ತೈದು ಡಿಗ್ರಿ ದಾಟುತ್ತದೆಂದು ಹವಾಮಾನದವರು ಹಿಂದಿನ ಸಂಜೆಯೇ ಕೆಂಪು ಎಚ್ಚರಿಕೆ ಕೊಟ್ಟಿದ್ದರು. ಹನ್ನೆರಡರಿಂದ ನಾಲ್ಕರವರೆಗೆ ಯಾರೂ ಹೊರಗೆ ಹೆಜ್ಜೆಯಿಡಬಾರದೆಂದು ನಾನೇ ಬರೆದ ಪ್ರಕಟಣೆಯನ್ನು ಬೆಳಿಗ್ಗೆಯೇ ಹಂಚಿಸಿದ್ದೆ. ಮಧ್ಯಾಹ್ನ ಜುಬೇದಾಳ ಫೋನು ಬಂತು.

“ಸಾರ್, ಧರಣೇಂದ್ರ ಅವರನ್ನ ಸಭಾಂಗಣಕ್ಕೆ ತಂದಿದೀವಿ. ನೂರಾ ಮೂರು ದಾಟಿದೆ. ಒದ್ದೆ ಬಟ್ಟೆ ಹಾಕಿದೀವಿ, ಐಸ್ ಇಟ್ಟಿದೀವಿ. ಏನೇನೋ ಬಡಬಡಿಸ್ತಿದಾರೆ. ಮಾಸ್ಟರು ಕೂಗಿ ಕೂಗಿ ಗಂಟಲು ಕಟ್ಕೊಂಡಿದಾರೆ, ಇಳೀತಿಲ್ಲ. ವಿಶಾಲಮ್ಮ ಬೇಕು ಸಾರ್. ಡಾಕ್ಟರೂ ಹೇಳಿದ್ರು.”

ಕರೆಗಾರರು ಕೆಲಸದ ವೇಳೆ ಫೋನು ಬಂದ್ ಮಾಡಿಡಬೇಕೆಂಬ ನಿಯಮವಿತ್ತು. ಊರಿನ ಒಂದೇ ಆಂಬುಲೆನ್ಸ್ ಇಟ್ಟಿಗೆ ಗೂಡಿಗೆ ಹೋಗಿತ್ತು. ನಾನು ಕಚೇರಿಯ ಸೈಕಲ್ ತೆಗೆದುಕೊಂಡೆ.

ಇದರಲ್ಲಿ ದೊಡ್ಡತನವೇನಿಲ್ಲ. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ: ಅವನು ಸತ್ತರೆ ವಿಶಾಲು ಅವನ ಹೆಸರನ್ನು ಜೀವನಪೂರ್ತಿ ಮನಸ್ಸಿನೊಳಗೇ ಕರೆಯುತ್ತಿರುತ್ತಾಳೆ. ಬದುಕಿರುವವನ ಮೇಲೆ ಹೊಟ್ಟೆಕಿಚ್ಚು ಪಡಬಹುದು. ಅವನ ಊದಿದ ಕಾಲು ಕಾಣುತ್ತದೆ, ಬಕ್ಕತಲೆ ಕಾಣುತ್ತದೆ. ಸತ್ತವನೊಡನೆ ಸ್ಪರ್ಧಿಸುವುದು ನನ್ನಿಂದಾಗದ ಕೆಲಸ.

ಕೆರೆಯ ಏರಿಯ ಮೇಲೆ ಒಂದು ನಾಯಿಯೂ ಇರಲಿಲ್ಲ. ಅಜ್ಜಿಯ ಮನೆ ಬಾಗಿಲಲ್ಲಿ ನಿಂತು, “ಧರಣಿ ಏಳ್ತಿಲ್ಲ. ನೀನು ಬರ್ಬೇಕು,” ಎಂದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ವಿಶಾಲು ನನ್ನ ಮುಖವನ್ನೊಮ್ಮೆ ನೋಡಿದಳು. ಅಜ್ಜಿಯನ್ನು ಕರೆಯಲು ಅವಳ ಮೊಮ್ಮಗಳನ್ನು ಕೂರಿಸಿ, ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ನನ್ನ ತಲೆಯ ಮೇಲೆ ಛತ್ರಿ ಹಿಡಿದಳು.

“ನಿಧಾನ ರೀ. ನೀರು ಕುಡಿದ್ರಾ?”

“ಕುಡಿದೆ,” ಎಂದೆ. ಕುಡಿದಿರಲಿಲ್ಲ.

ಏರಿಯ ಅರ್ಧಕ್ಕೆ ಬಂದಾಗ ಮೈಯ ಬೆವರು ನಿಂತಿತು. ಬೆವರು ನಿಂತರೆ ತಕ್ಷಣ ನೆರಳಿಗೆ ಹೋಗತಕ್ಕದ್ದು ಎಂದು ನಾನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಅಕ್ಷರಗಳು ಕಣ್ಣ ಮುಂದೆ ಬಂದವು, ಅರ್ಥ ಬರಲಿಲ್ಲ. ಶಾಲೆಯ ಗೇಟಿನವರೆಗೆ ತುಳಿದದ್ದು ನೆನಪಿದೆ. ಗೇಟು ತೆರೆದದ್ದು ನೆನಪಿಲ್ಲ.

ಕಣ್ಣು ಅರೆತೆರೆದಾಗ ಲಾವಂಚದ ವಾಸನೆ. ನಾನೊಂದು ಚಾಪೆಯ ಮೇಲಿದ್ದೆ. ಪಕ್ಕದ ಚಾಪೆಯ ಮೇಲೆ ಧರಣೇಂದ್ರ. ನಡುವೆ ಒಂದು ಸ್ಟೂಲು, ಅದರ ಮೇಲೆ ವಿಶಾಲು. ಅವಳ ಮುಖ ಆ ಕಡೆಗಿತ್ತು.

“ಧರಣೀ. ಧರಣೀ, ಬಂದಿದೀನಿ ಕಣೋ. ಇಲ್ಲಿ ನೋಡು. ಧರಣೀ.”

ನೂರಾ ನಾಲ್ಕು ಡಿಗ್ರಿಯಲ್ಲೂ ನನಗೆ ವಿಷಯ ಸ್ಪಷ್ಟವಾಗಿತ್ತು: ಇಬ್ಬರು ಬಿದ್ದಿದ್ದೇವೆ, ಅವಳು ಮೊದಲು ಕರೆದದ್ದು ಅವನನ್ನು. ಹೃದಯ ದುರ್ಬಲವಾದವರನ್ನು ಮೊದಲು ನೋಡಬೇಕೆಂದು ಸೂಚನೆಯಲ್ಲಿದೆ. ಸೂಚನೆ ಬರೆದವನ ಮೇಲೆ ನನಗೆ ವಿಪರೀತ ಸಿಟ್ಟು ಬಂತು.

“ಇಳೀತು, ಇಳೀತು!” ಎಂದಳು ಜುಬೇದಾ. “ಮೇಡಂ, ಈಗ ಈ ಕಡೆ ತಿರುಗಿ. ಸಾರು ಏರ್ತಾನೇ ಇದಾರೆ.”

ಸ್ಟೂಲು ಕಿರುಗುಟ್ಟಿತು. ಅವಳ ಮುಖ ನನ್ನ ಮೇಲೆ ಬಂತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಶಾಲೆಯ ಹುಡುಗಿ ಪದ್ಯ ಒಪ್ಪಿಸುವಂತೆ, “ರಂಗಧಾಮಯ್ಯ,” ಎಂದಳು.

ನಾನು ಕಾದೆ. ಏನೂ ಆಗಲಿಲ್ಲ. ಯಾರೋ ಬೇರೆಯವರನ್ನು ಕರೆದಂತಿತ್ತು.

“ರಂಗಾ,” ಎಂದಳು. ನನ್ನ ತಾಯಿ ಹಾಗೆ ಕರೆಯುತ್ತಿದ್ದಳು. ಏನೂ ಆಗಲಿಲ್ಲ.

“ರೀ. ರೀ, ಕೇಳಿಸ್ತಿದ್ಯಾ?”

ಜುಬೇದಾ ಥರ್ಮಾಮೀಟರ್ ತೆಗೆದು ನೋಡಿದಳು. ಕೊಡವಿ ಮತ್ತೆ ಇಟ್ಟಳು, ಮತ್ತೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, ಯಾರ ಮುಖವನ್ನೂ ನೋಡದೆ ಹೇಳಿದಳು: “ಇದು... ಥರ್ಮಾಮೀಟರ್ ಹಳೇದು ಮೇಡಂ.”

ಆ ವಾಕ್ಯ ಬರೆದವನಿಗೆ ಅದನ್ನು ಕೇಳುವುದು ಹೇಗಿರುತ್ತದೆಂದು ವಿವರಿಸಲು ಹೋಗುವುದಿಲ್ಲ. ನನಗೆ ಮಾತಾಡಲು ಆಗಲಿಲ್ಲ. ಬೆರಳೆತ್ತಿ, ಬೇಡ, ಗೊತ್ತಾಯಿತು, ಎಂಬಂತೆ ಆಡಿಸಿದೆ ಎಂದು ಕಾಣುತ್ತದೆ. ಯಾಕೆಂದರೆ ವಿಶಾಲುಗೆ ರೇಗಿತು.

“ನೋಡಿ ಜುಬೇದಾ, ಸಾಯೋ ಹೊತ್ತಲ್ಲೂ ಬೆರಳು! ಅದು ತಪ್ಪು, ಇದು ತಪ್ಪು. ಇಪ್ಪತ್ತಾರು ವರ್ಷದಿಂದ ಈ ಬೆರಳು ನೋಡ್ಕೊಂಡು ಬಂದಿದೀನಿ. ಸಾರಿಗೆ ಉಪ್ಪು ಕಮ್ಮಿ ಅಂದ್ರೂ ಬೆರಳು, ಯುಗಾದಿ ಬುಧವಾರ ಅಲ್ಲ ಗುರುವಾರ ಅಂದ್ರೂ ಬೆರಳು. ಏ ತಿದ್ದುಪಡಿ! ಕಣ್ಣು ಬಿಡೋ! ತಿದ್ದುಪಡೀ! ನನ್ನ ಬಿಟ್ಟು ಎಲ್ಲಿಗೆ ಹೊರಟಿದೀಯಾ?”

ತಿದ್ದುಪಡಿ. ಹಿಂದಿನ ದಿನದ ಸುದ್ದಿಯಲ್ಲಿ ತಪ್ಪಾದದ್ದನ್ನು ಒಳಪುಟದ ಮೂಲೆಯಲ್ಲಿ ಸರಿಪಡಿಸುವಾಗ ಹಾಕುವ ಶೀರ್ಷಿಕೆ ಅದು. ಅಂಥವನ್ನು ಎಷ್ಟೋ ಬರೆದಿದ್ದೇನೆ. ಅದು ಈಗ ನನ್ನ ನೆತ್ತಿಯಿಂದ ಇಳಿದು, ಕತ್ತಿನಲ್ಲಿ ಹಾದು, ಬೆನ್ನಿನುದ್ದಕ್ಕೂ ತಣ್ಣಗೆ ಹರಿಯಿತು. ಬಾವಿಗೆ ಇಳಿಬಿಟ್ಟ ಕೊಡ ನೀರಿಗೆ ತಾಗಿದಾಗ ಹಗ್ಗ ಹಿಡಿದ ಕೈಗೆ ತಿಳಿಯುತ್ತದಲ್ಲ, ಹಾಗೆ ತಿಳಿಯಿತು.

“ಇಳೀತು!” ಎಂದು ಜುಬೇದಾ ಎದ್ದುನಿಂತಳು. “ಮೇಡಂ, ಇಳೀತು! ಎರಡು ಡಿಗ್ರಿ!”

ಕಣ್ಣು ಬಿಟ್ಟೆ. ಥರ್ಮಾಮೀಟರ್ ಅವಳ ಕೈಯಲ್ಲಿ ಬೆಳಕಿಗೆ ಅಡ್ಡವಾಗಿತ್ತು. “ಒಂದು... ಪಾಯಿಂಟ್ ಎಂಟು,” ಎಂದೆ.

ಡಾಕ್ಟರ್ ಶಶಿರೇಖಾ ಬಾಗಿ ನೋಡಿ, “ಒಂದು ಪಾಯಿಂಟ್ ಎಂಟೇ. ತಲೆ ಸರಿಯಾಗಿದೆ, ಇನ್ನು ಭಯವಿಲ್ಲ,” ಎಂದು ಆಚೆ ಹೋದರು. ವಿಶಾಲು ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕಳು, ಅತ್ತಳು. ಯಾವುದು ಮೊದಲು ಎಂದು ನೋಡಿಕೊಳ್ಳಲು ನನ್ನಿಂದ ಆಗಲಿಲ್ಲ.

ಪಕ್ಕದ ಚಾಪೆಯಿಂದ ಬಡಕಲು ನಗೆಯೊಂದು ಬಂತು. “ಆ ಹೆಸರಿಂದಾನೇ ಶುರುಮಾಡಬೇಕಿತ್ತು ವಿಶಾಲಮ್ಮ,” ಎಂದ ಧರಣೇಂದ್ರ. “ಸುಮ್ನೆ ತಡವಾಯ್ತು.”

ನಾನು ಕತ್ತು ಹೊರಳಿಸಿದೆ. “ನಿಮಗೆ ಗೊತ್ತಿತ್ತಾ?”

“ಏನು ಸ್ವಾಮಿ?”

“ಈ ಹೆಸರು.”

“ಮೊದಲ್ನೇ ದಿನದಿಂದ. ‘ನಮ್ಮ ತಿದ್ದುಪಡಿ ಹೀಗಂದ್ರು, ನಮ್ಮ ತಿದ್ದುಪಡಿಗೆ ಬದನೆಕಾಯಿ ಆಗಲ್ಲ’. ಅವರಿಗೆ ಬೇರೆ ಮಾತೇ ಇರ್ಲಿಲ್ಲವಲ್ಲ.”

ಮೊದಲನೇ ದಿನದಿಂದ. ನನ್ನ ಹೆಸರು, ನನ್ನ ಹೆಂಡತಿಯ ಬಾಯಿಂದ, ದಿನಾ ಮಧ್ಯಾಹ್ನ, ಆ ತಗಡಿನ ಕೋಣೆಯಲ್ಲಿ, ಅವನ ಕಿವಿಗೆ. ಎದೆಯಲ್ಲಿ ಹಳೆಯ ಉರಿ ಕದಲಿ ಮೇಲೆದ್ದಿತು.

“ಅಯ್ಯೋ,” ಎಂದಳು ಜುಬೇದಾ, ಥರ್ಮಾಮೀಟರನ್ನು ಕಣ್ಣಿಗೆ ಹತ್ತಿರ ಹಿಡಿದು. “ಮತ್ತೆ ಏರ್ತಿದೆ ಮೇಡಂ.”

“ಏರ್ಲಿ ಬಿಡಿ,” ಎಂದು ವಿಶಾಲು ಸ್ಟೂಲನ್ನು ನನ್ನ ಚಾಪೆಯ ಕಡೆಗೆ ಎಳೆದುಕೊಂಡಳು. “ಈ ಮನುಷ್ಯ ಏರ್ತಾ ಇರ್ಲಿ, ನಾನು ಕರೀತಾ ಇರ್ತೀನಿ.”